ಬೆಸುಗಿ ಹಚ್ಚಿದ ಕೊಡದ ನೀರು ಬ್ಯಾಡ್ರಿ

ಅಕ್ಕಾರ, ತಂಗ್ಯಾರ, ವೈನ್ಯಾರ, ಈ ಸಲ ಅಡಗಿ ವಿಷಯ ಅಲ್ಲ, ಹಬ್ಬದ್ದೂ ಅಲ್ಲ. ಕುಡಿಯೋ ನೀರಿನ ಭಾಂಡೆ ಬಗ್ಗೆ ನಾಕು ಮಾತು ಬರಿಯೋದದ. ಈಗ ಕೆಲವು ವರ್ಷದಿಂದ ತಾಮ್ರದ ಕೊಡಗಳು ಮತ್ತ ಅಡಗಿಮನಿಗೆ ಬಂದಾವ. ಅಟ್ಟದ ಮ್ಯಾಲೆ ಗೋಣಿಚೀಲದಾಗ ಸುತ್ತಿಟ್ಟಿದ್ದ ಅಜ್ಜಿ ಕಾಲದ ಕೊಡ, ಬಿಂದಿಗಿ, ತಂಬಿಗಿ ಎಲ್ಲಾ ಕೆಳಗ ಇಳದಾವ. ಹುಣಸಿಹಣ್ಣು ಹಚ್ಚಿ ತಿಕ್ಕಿ, ಬೆಳಗಿ, ರಾತ್ರಿ ನೀರು ತುಂಬಿಟ್ಟು ಮುಂಜಾನೆ ಕುಡಿಯೋದು. ಕುಡೀರಿ, ನನ್ನ ತಕರಾರು ಅದಕ್ಕಲ್ಲ. ಇಪ್ಪತ್ತು ವರ್ಷ ಅಟ್ಟದ ಮ್ಯಾಲೆ ಕೂತ ಕೊಡ ಸುಮ್ಮನ ಇರೂದಿಲ್ಲ, ತಳದಾಗೋ ಸೊಂಟದಾಗೋ ಎಲ್ಲೋ ಒಂದು ಕಡೆ ಸೋರತದ. ಆವಾಗ ನಾವು ಏನ್ ಮಾಡ್ತೀವಿ? ರಸ್ತೆದ ಮೂಲ್ಯಾಗ ಸ್ಟೋವು, ರೇಡಿಯೋ ರಿಪೇರಿ ಮಾಡೋ ಅಂಗಡಿಗೆ ಒಯ್ದು, ಬೆಸುಗಿ ಹಚ್ಚಿಸಿಕೊಂಡು ಬರ್ತೀವಿ. ಅಗ್ಗದಾಗ ಕೆಲಸ ಮುಗೀತು, ಕೊಡ ಸೋರೂದು ನಿಂತ್ತು. ನನ್ನ ತಕರಾರು ಇರೋದು ಆ ಬೆಸುಗಿಗೆ.

ಆ ಬೆಸುಗಿ ಅಂದ್ರ ಏನು? ಬೆಳ್ಳಗ ಹೊಳೀತಿರ್ತದ, ಕಬ್ಬಿಣದ ಕಾದ ಕಡ್ಡಿ ಮುಟ್ಟಿಸಿದ ಕೂಡಲೆ ಬೆಣ್ಣಿ ಹಂಗ ಕರಗಿ ಹರೀತದ. ಅದು ತವರ ಮತ್ತ ಸೀಸ ಎರಡೂ ಕೂಡಿಸಿದ್ದು. ಬರೇ ತವರ ಕರಗಾಕ 232 ಡಿಗ್ರಿ ಬೇಕು, ಬರೇ ಸೀಸಕ್ಕ 327. ಎರಡೂ ಕೂಡಿಸಿದ್ರ 183 ಡಿಗ್ರಿಗೇ ಕರಗಾಕ ಸುರು ಆಗತದ. ಕೆಲಸ ಹಗೂರ ಆಗತದಂತ ರೇಡಿಯೋ, ಟೀವಿ ತಂತಿಗೆ ಅದನ್ನೇ ಹಚ್ಚತಾರ. ತಂತಿಗೆ ಹಚ್ಚಲಿ, ಯಾರೂ ಟೀವಿ ನೆಕ್ಕೂದಿಲ್ಲ. ಆದ್ರ ಅದೇ ಬೆಸುಗಿ ಕೊಡದ ಒಳಗ ಒಂದು ಬೊಟ್ಟು ಅಗಲ ಹರದು ಕೂತು, ದಿನಾ ರಾತ್ರಿ ಎಂಟು ತಾಸು ಕುಡಿಯೋ ನೀರಾಗ ಮುಳುಗಿ ಇರ್ತದಲ್ಲ, ಅದು ಬ್ಯಾಡಂತ ನಾ ಹೇಳೋದು.

ನೀವು ಅಂತೀರಿ, ಸೀಸ ಏನು ಸಕ್ರಿನಾ ನೀರಾಗ ಕರಗಾಕ? ನಮ್ಮ ನಾದಿನಿನೂ ಇದನ್ನೇ ಅಂದ್ಳು. "ವೈನಿ, ಒಂದು ಗುಂಡು ತಂದು ನೀರಾಗ ಹಾಕಿ ವರ್ಷಗಟ್ಟಲೆ ಇಡ್ರಿ, ಹಂಗೇ ಇರ್ತದ" ಅಂತ. ಖರೇನೇ, ಕಣ್ಣಿಗೆ ಹಂಗೇ ಕಾಣತದ. ಆದ್ರ ಇಲ್ಲಿ ಲೆಕ್ಕ ಭಾಳ ಸಣ್ಣದು. ನಮ್ಮ ದೇಶದ ಕುಡಿಯೋ ನೀರಿನ ಮಾನದಂಡದಾಗ ಒಂದು ಲೀಟರಿಗೆ 0.01 ಮಿಲಿಗ್ರಾಂಕಿಂತ ಹೆಚ್ಚು ಸೀಸ ಇರಬಾರ್ದು. ವಿಶ್ವ ಆರೋಗ್ಯ ಸಂಸ್ಥೆ ಹೇಳೋದೂ ಅಷ್ಟೇ. ನಾನು ಪಿಯುಸಿ ತನಕ ಓದಿದಾಕಿ, ಗಣಿತ ಅಂದ್ರ ಅಷ್ಟಕ್ಕಷ್ಟೇ, ಆದ್ರೂ ಇದನ್ನ ಕ್ಯಾಲೆಂಡರ್ ಹಿಂದ ಬರದು ಲೆಕ್ಕ ಹಾಕಿದೆ. ಒಂದೇ ಒಂದು ಗ್ರಾಂ ಸೀಸ ಇದ್ರ ಒಂದು ಲಕ್ಷ ಲೀಟರ್ ನೀರನ್ನ ಆ ಮಿತಿಗೆ ಮುಟ್ಟಸತದ. ನಮ್ಮ ಹತ್ತು ಲೀಟರಿನ ಕೊಡಕ್ಕಾದ್ರ ಒಂದು ಗ್ರಾಮಿನ ಹತ್ತು ಸಾವಿರದಾಗ ಒಂದು ಪಾಲು ಸಾಕು. ಅಷ್ಟು ಸೀಸ ಬೆಸುಗಿಯಿಂದ ಹೋದ್ರ ಯಾವ ಕಣ್ಣಿಗೆ ಕಾಣತದ? ಬೆಸುಗಿ ಹಂಗೇ ಇರ್ತದ, ನೀರು ತಿಳಿ ಇರ್ತದ, ರುಚಿ ಬದಲಾಗೂದಿಲ್ಲ, ವಾಸನಿ ಬರೂದಿಲ್ಲ. ಹಾಲು ಕೆಟ್ರ ಹುಳಿ ಆಗಿ ನಮಗ ಹೇಳತದ. ಸೀಸ ಏನೂ ಹೇಳೂದಿಲ್ಲ.

ನೀರು ನೀರಿಗೂ ವ್ಯತ್ಯಾಸ ಅದ. ಬೋರಿನ ಗಡಸು ನೀರು ಇರ್ತದಲ್ಲ, ಬಕೀಟಿಗೆ ಬಿಳೇ ಕಲಿ ಕೂಡಸೋದು, ಅದು ಸೀಸದ ಮ್ಯಾಲೂ ಒಂದು ಪದರ ಕೂಡಸತದ. ಆ ಪದರ ಇರೋ ತನಕ ಸೀಸ ನೀರಿಗೆ ಹೋಗೋದು ಕಡಿಮಿ. ಮೆತ್ತನ್ನ ನೀರು, ಮಳಿ ನೀರು, ಸ್ವಲ್ಪ ಹುಳಿ ಇರೋ ನೀರು ಹಂಗಲ್ಲ, ಅವು ಹಸದ ನೀರು, ಸಿಕ್ಕ ಧಾತು ತಿಂತಾವ. ನೀರು ಬಿಸಿ ಇದ್ರ ಇನ್ನೂ ಹೆಚ್ಚು. ಒಂದೇ ಕಡೆ ಭಾಳ ಹೊತ್ತು ನಿಂತಷ್ಟೂ ಹೆಚ್ಚು. ಇನ್ನೊಂದು ಮಾತು. ತಾಮ್ರ ಮತ್ತ ಸೀಸ ಎರಡೂ ಒಂದಕ್ಕೊಂದು ಹತ್ತಿಕೊಂಡು ನೀರಾಗ ಕೂತ್ರ ಅಲ್ಲೊಂದು ಸಣ್ಣ ಬ್ಯಾಟ್ರಿ ಆದಂಗ ಆಗತದ, ತಾಮ್ರ ಉಳೀತದ, ಸೀಸ ಸವೀತದ. ಬರೇ ಸೀಸ ನೀರಾಗ ಇರೋದಕ್ಕಿಂತ ತಾಮ್ರಕ್ಕ ಹಚ್ಚಿದ ಸೀಸ ಇರೋದು ಹೆಚ್ಚು ಕೆಟ್ಟದ್ದು. ನಮ್ಮ ಬೆಸುಗಿ ಕೊಡದ ಕಥಿ ನೇರ ಇದೇ.

ಈಗ ನಮ್ಮ ಓಣ್ಯಾಗ ನಡೀತಿರೋದು ನೋಡ್ರಿ. ಹತ್ತು-ಹದಿನೈದು ಸಾವಿರ ಕೊಟ್ಟು ಆರ್‌ಓ ಮಷಿನ್ ಹಾಕಿಸಿಕೋತೀವಿ. ಆ ಮಷಿನ್ ಸೀಸನೂ ತಗೀತದ, ಉಳಿದ ಖನಿಜನೂ ತಗೀತದ, ನೀರು ಮೆತ್ತಗ ಆಗತದ. ಆಮ್ಯಾಲೆ ಆ ನೀರನ್ನ ತಂದು ಎದರಾಗ ಹಾಕ್ತೀವಿ? ಬೆಸುಗಿ ಹಚ್ಚಿದ ತಾಮ್ರದ ಕೊಡದಾಗ! ಒಳ್ಳೇದಾಗಲಿ ಅಂತ ನಾಕು ತುಳಸಿ ಎಲಿ, ಅರ್ಧ ಲಿಂಬಿಹಣ್ಣು ಬ್ಯಾರೆ. ಹಸದ ನೀರಿಗೆ ಹುಳಿನೂ ಕೊಟ್ಟು, ಇಡೀ ರಾತ್ರಿ ಟೈಮೂ ಕೊಟ್ಟಂಗಾತು. ರೊಕ್ಕ ಕೊಟ್ಟು ಸೀಸ ತಗದು, ಮತ್ತ ಪುಗಸಟ್ಟೆ ಸೀಸ ಕೂಡಿಸಿಕೊಂಡಂಗ. ಇದನ್ನ ನೋಡಿದ ಮ್ಯಾಲೇ ನನಗ ಬರೀಬೇಕನಿಸಿದ್ದು. ಬರೇ ತಾಮ್ರದ ಕೊಡ ಇದ್ರೂ ಲಿಂಬಿಹುಳಿ ಅದರಾಗ ಹಿಂಡಬಾರ್ದು, ಮಜ್ಜಿಗಿ ಹಾಕಬಾರ್ದು ಅಂತ ನಮ್ಮ ಅತ್ತಿಯವರು ಹೇಳ್ತಿದ್ರು. ಅವರಿಗೆ ತಾಮ್ರದ ಕಿಲುಬು ಗೊತ್ತಿತ್ತು.

"ಹಿರೇರು ಇದೇ ಕೊಡದ ನೀರು ಕುಡದು ತೊಂಬತ್ತು ವರ್ಷ ಬಾಳಲಿಲ್ಲೇನು?" ಅನ್ನೋದು ಎರಡನೇ ಮಾತು. ಇದಕ್ಕ ನನ್ನ ಉತ್ತರ ಅದ. ಹಿರೇರ ಕೊಡಕ್ಕ ಈ ಬೆಸುಗಿ ಇರಲಿಲ್ಲ. ಹಳೇ ಕೊಡ ಕೈಯಾಗ ತಗೊಂಡು ಬೆಳಕಿಗೆ ಹಿಡದು ಒಳಗ ನೋಡ್ರಿ. ತಾಂಬಟಗಾರ್ರು ತಗಡಿನ ಎರಡೂ ಅಂಚಿಗೆ ಹಲ್ಲು ಕತ್ತರಿಸಿ, ಒಂದರಾಗ ಒಂದು ಕೂಡಿಸಿ, ಬಿಳಿಗಾರ ಹಾಕಿ, ಹಿತ್ತಾಳಿ ಪುಡಿ ಹಾಕಿ, ಕುಲುಮ್ಯಾಗ ಕೆಂಪಗ ಕಾಸಿ ಬೆಸೀತಿದ್ರು. ಆ ಗೆರಿ ಹಳದಿ ಇರ್ತದ, ಹಲ್ಲು ಹಲ್ಲಾಗಿ ಕಾಣತದ. ಅದರಾಗ ಸೀಸದ ಬೆಸುಗಿ ಇಲ್ಲ, ಕೊಡ ಜಜ್ಜಿ ಚಪಾತಿ ಆದ್ರೂ ಆ ಗೆರಿ ಬಿಡೂದಿಲ್ಲ. ಈಗಿನ ರಿಪೇರಿ ಬೆಳ್ಳಗ, ಬೂದಿ ಬಣ್ಣ, ಮೇಣ ಸುರದಂಗ ಇರ್ತದ. ಕುಡಿಯೋ ನೀರಿನ ತಾಮ್ರದ ಕೊಡಕ್ಕ ಒಳಗ ಕಲಾಯಿ ಹಾಕೋ ರೂಢಿ ನಮ್ಮ ಕಡೆ ಇಲ್ಲ. ಹಿಂಗಾಗಿ ಕೆಂಪು ತಾಮ್ರದ ನಡಕ ಒಂದೇ ಜಾಗಾದಾಗ ಬಿಳೇ ಕಲಿ ಕಂಡ್ರ ಅದು ಬೆಸುಗಿನೇ ಅಂತ ತಿಳೀರಿ. ಹಳದಿ ಗೆರಿಗೆ ಅಂಜಬ್ಯಾಡ್ರಿ, ಬಿಳೇ ಕಲಿಗೆ ಅಂಜ್ರಿ.

ಇನ್ನೊಂದು ಅದ. ಹಿರೇರು ದಿನಾ ಮುಂಜಾನೆ ಬಾವಿಯಿಂದ ಹೊಸಾ ನೀರು ತರ್ತಿದ್ರು, ಹಳೇದು ದನಕ್ಕ ಸುರೀತಿದ್ರು. ನಮಗ ನಳ ಬರೋದು ಯಾವಾಗ? ಹುಬ್ಬಳ್ಳಿ-ಧಾರವಾಡದಾಗ ಬಾಳ್ವಿ ಮಾಡಿದವರಿಗೆ ಹೇಳಬೇಕಾಗಿಲ್ಲ. ಮಲಪ್ರಭಾ ನೀರು ಐದು ದಿನಕ್ಕೊಮ್ಮೆ, ಎಂಟು ದಿನಕ್ಕೊಮ್ಮೆ ಬಂದದ್ದನ್ನ ನಾವೆಲ್ಲಾ ಕಂಡೀವಿ. ನಳ ಬಂತು ಅಂದ್ರ ನಿದ್ದಿಗಣ್ಣಾಗ ಎದ್ದು ಮನ್ಯಾಗಿನ ಭಾಂಡೆಗೋಳೆಲ್ಲಾ ತುಂಬಿಕೋತೀವಿ, ದ್ಯಾವರ ಮನಿ ತಂಬಿಗಿ ಸುದ್ಧಾ ಬಿಡೂದಿಲ್ಲ. ಆ ನೀರು ನಿಂತೇ ಇರ್ತದ, ದಿನಗಟ್ಟಲೆ. ಸೀಸಕ್ಕ ಬೇಕಾದದ್ದು ಅದೇ.

ಯಾಕ ಇಷ್ಟು ಒದರಾಡ್ತೀನಿ ಅಂದ್ರ, ನಮ್ಮ ನಾದಿನಿ ಮಗಳು ಈಗ ಏಳು ತಿಂಗಳ ಬಸುರಿ. ಕುಬಸ ಆಗ್ಯದ, ಬಾಣಂತನಕ್ಕ ನಮ್ಮ ಮನಿಗೇ ಬರ್ತಾಳ. ನಾದಿನಿ ಪ್ರೀತಿಯಿಂದ, ತನ್ನ ಅಜ್ಜಿ ಕೊಡ ರಿಪೇರಿ ಮಾಡಿಸಿ, ಬೆಳಗಿ, ಅರಿಷಿಣ ಕುಂಕುಮ ಹಚ್ಚಿ ಕಳಿಸ್ಯಾಳ. ಮಗಳು ಅದೇ ನೀರು ಕುಡೀಬೇಕು, ಕೂಸಿಗೆ ಹಾಲಿನ ಪುಡಿ ಕಲಸೋ ಪ್ರಸಂಗ ಬಂದ್ರ ಅದೇ ನೀರಾಗ ಕಲಸಬೇಕು ಅಂತ ಆಕಿ ಆಶಾ. ಕೊಡದ ತಳದಾಗ ಎಂಟಾಣೆ ನಾಣ್ಯದಷ್ಟು ಬಿಳೇ ಕಲಿ. ನಾನು ಬ್ಯಾಡ ಅಂದೆ. ಆಕಿಗೆ ಸಿಟ್ಟು ಬಂದದ, ಹದಿನೈದು ದಿನದಿಂದ ಫೋನಿಲ್ಲ. ಸಿಟ್ಟು ಇಳೀತದ, ನನಗ ಗೊತ್ತದ. ಮೂವತ್ತು ವರ್ಷದಾಗ ಎಷ್ಟು ಸಲ ಇಳದಿಲ್ಲ? ಆದ್ರ ಕೂಸಿನ ಮೈಯಾಗ ಹೋದ ಸೀಸ ಹಂಗ ಇಳಿಯೂದಿಲ್ಲ.

ಮೈಗೆ ಸೀಸ ಅಂದ್ರ ಸುಣ್ಣದ ಅಂಶ ಅಂದ್ರ ಕ್ಯಾಲ್ಸಿಯಂ ಇದ್ದಂಗ ಕಾಣತದ. ಹಿಂಗಾಗಿ ಒಳಗ ಹೋದದ್ದನ್ನ ಎಲುಬಿನಾಗ, ಹಲ್ಲಿನಾಗ ಕೂಡಿಟ್ಟುಕೋತದ. ಅಲ್ಲಿ ವರ್ಷಾನುಗಟ್ಟಲೆ ಕೂತಿರ್ತದ. ಹೆಣ್ಣಮಗಳು ಬಸರಾದಾಗ ಕೂಸಿನ ಎಲುಬು ಕಟ್ಟಾಕಂತ ತಾಯಿ ಎಲುಬಿನಾಗಿನ ಕ್ಯಾಲ್ಸಿಯಂ ಕರಗಿ ರಕ್ತಕ್ಕ ಬರ್ತದ, ಅದರ ಜೋಡಿ ಎಂದೋ ಕೂಡಿಟ್ಟ ಸೀಸನೂ ಬಂದು ಹೊಕ್ಕಳಬಳ್ಳಿ ದಾಟಿ ಕೂಸಿಗೆ ಮುಟ್ಟತದ. ತಾಯಿ ಇಂದು ಕುಡದದ್ದಷ್ಟೇ ಅಲ್ಲ, ಆಕಿ ಲಗ್ನಕ್ಕ ಮೊದಲು ಕುಡದದ್ದೂ ಲೆಕ್ಕಕ್ಕ ಬರ್ತದ. ಹುಟ್ಟಿದ ಮ್ಯಾಲೆನೂ ಸಣ್ಣ ಮಕ್ಕಳ ಹೊಟ್ಟಿ ದೊಡ್ಡವರಕಿಂತ ನಾಕೈದು ಪಟ್ಟು ಹೆಚ್ಚು ಸೀಸ ಹೀರಿಕೋತದ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತದ. ಅದರ ಪೆಟ್ಟು ಬೀಳೋದು ಮಿದುಳಿಗೆ. ಬುದ್ಧಿ ಮಂದ ಆಗೋದು, ಗಮನ ನಿಲ್ಲದಂಗ ಆಗೋದು, ಕಲಿಯಾಕ ತ್ರಾಸ ಆಗೋದು. ದೊಡ್ಡವರಿಗಾದ್ರ ಬಿಪಿ, ಮೂತ್ರಪಿಂಡ. ಇಷ್ಟು ಸೀಸ ಹೋದ್ರ ಏನೂ ಆಗೂದಿಲ್ಲ ಅನ್ನೋ ಸುರಕ್ಷಿತ ಪ್ರಮಾಣನೇ ಇಲ್ಲ ಅಂತ ವೈದ್ಯಲೋಕದ ಮಾತು. ಸಾಲ್ಯಾಗ ಮಾಸ್ತರು "ನಿಮ್ಮ ಹುಡುಗ ಲಕ್ಷ್ಯ ಕೊಡೂದಿಲ್ಲ" ಅಂದಾಗ ನಾವು ಹುಡುಗನ್ನ ಬಡೀತೀವಿ, ಕೊಡ ನೋಡೂದಿಲ್ಲ. ಎಲ್ಲಾ ಹುಡುಗರದ್ದೂ ಸೀಸದಿಂದಲೇ ಅಂತ ನಾ ಅನ್ನೂದಿಲ್ಲ, ಆದ್ರ ಮನ್ಯಾಗ ಇರೋ ಕಾರಣನ್ನ ಬಿಟ್ಟುಕೊಡೋದು ಯಾಕ?

2020ರಾಗ ಯುನಿಸೆಫ್‌ದವರು ಪ್ಯೂರ್ ಅರ್ಥ್ ಅನ್ನೋ ಸಂಸ್ಥೆ ಜೋಡಿ ಒಂದು ವರದಿ ತಂದ್ರು. ಜಗತ್ತಿನ ಮೂರು ಮಕ್ಕಳಾಗ ಒಂದು ಮಗುವಿನ ರಕ್ತದಾಗ ಚಿಂತಿ ಮಾಡೋವಷ್ಟು ಸೀಸ ಅದ ಅಂತ, ಒಟ್ಟು 80 ಕೋಟಿ ತನಕ. ಅದರಾಗ ನಮ್ಮ ದೇಶದ ಮಕ್ಕಳೇ 27 ಕೋಟಿಗೆ ಮ್ಯಾಲೆ. ಇದೆಲ್ಲಾ ನೀರಿಂದ ಬಂದದ್ದಲ್ಲ. ಹಳೇ ಬ್ಯಾಟ್ರಿ ಒಡದು ಕರಗಸೋ ಕೆಲಸ, ಬಣ್ಣ, ಮಸಾಲಿಗೆ ಬೆರಸೋ ಬಣ್ಣ, ಭಾಂಡೆ ಎಲ್ಲಾ ಸೇರೇದ. ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಾಗ ಇದ್ದ ಡಾ. ತುಪ್ಪಿಲ್ ವೆಂಕಟೇಶ ಅವರು ಇದನ್ನೇ ವರ್ಷಾನುಗಟ್ಟಲೆ ಹೇಳಿಕೋತ ಬಂದವರು, ಅವರಿಗೆ ಭಾರತದ ಸೀಸದ ಮನುಷ್ಯಾ ಅಂತನೇ ಹೆಸರು ಬಿದ್ದದ. ಪೆಟ್ರೋಲಿನಾಗಿನ ಸೀಸ 2000ದಾಗ ಬಂದ್ ಆತು. ಮನಿ ಬಣ್ಣಕ್ಕ 2016ರಾಗ ನಿಯಮ ಬಂತು, ಹತ್ತು ಲಕ್ಷ ಪಾಲಿನಾಗ 90 ಪಾಲಿಗಿಂತ ಹೆಚ್ಚು ಇರಬಾರ್ದು ಅಂತ. ಪಿವಿಸಿ ಪೈಪು ಕಾಸಿ ಮಾಡೋ ಹೊತ್ತಿಗೆ ಕೆಡಬಾರ್ದಂತ ಸೀಸದ ಉಪ್ಪು ಹಾಕ್ತಿದ್ರು, ಅದಕ್ಕೂ 2021ರಾಗ ಕೇಂದ್ರ ಸರ್ಕಾರ ನಿಯಮ ಮಾಡೇದ. ಸರ್ಕಾರ ರಸ್ತೆಕ್ಕ ಬಂತು, ಗ್ವಾಡಿಗೆ ಬಂತು, ಪೈಪಿಗೆ ಬಂತು. ನಮ್ಮ ಅಟ್ಟಕ್ಕ ಹತ್ತಿ ಕೊಡದ ತಳ ನೋಡಾಕ ಬರೂದಿಲ್ಲ, ಅದನ್ನ ನಾವೇ ನೋಡಬೇಕು.

ಪರದೇಶದಾಗ ಇದ್ದ ಮಕ್ಕಳು ವಿಡಿಯೋ ಕಳಸತಾರ, ಅಲ್ಲಿ ಸೀಸದ ಪೈಪು ಇದ್ದಾವಂತ, ಅದನ್ನ ನೋಡಿ ಇಲ್ಲಿ ಅಂಜೋರೂ ಇದ್ದಾರ. ಅಲ್ಲಿಂದು ಬ್ಯಾರೆ ಕಥಿ. ಯುರೋಪ್, ಅಮೆರಿಕಾದ ಹಳೇ ಊರಾಗ ರಸ್ತೆಯಿಂದ ಮನಿ ತನಕ ಸೀಸದ ಪೈಪೇ ಹೂಳ್ತಿದ್ರು. ಪ್ಲಂಬರ್ ಅನ್ನೋ ಶಬ್ದ ಬಂದದ್ದೇ ಸೀಸಕ್ಕ ಲ್ಯಾಟಿನ್ ಭಾಷಾದಾಗ ಇರೋ ಹೆಸರಿಂದ. ಅಮೆರಿಕಾದ ಫ್ಲಿಂಟ್ ಅನ್ನೋ ಊರಾಗ 2014ರ ಏಪ್ರಿಲ್‌ದಾಗ ರೊಕ್ಕ ಉಳಸಾಕಂತ ನೀರಿನ ಮೂಲ ಬದಲಿ ಮಾಡಿದ್ರು. ಹೊಸಾ ನದಿ ನೀರು ಪೈಪು ತಿನ್ನಬಾರ್ದಂತ ಹಾಕಬೇಕಾದ ಔಷಧ ಹಾಕಲಿಲ್ಲ. ಅಷ್ಟು ವರ್ಷ ಸುಮ್ಮನ ಇದ್ದ ಸೀಸದ ಪೈಪು, ಬೆಸುಗಿ ಎಲ್ಲಾ ನೀರಿಗೆ ಇಳದ್ವು. ಅಧಿಕಾರಿಗಳು ನೀರು ಚೊಲೋ ಅದ ಅಂತನೇ ಅಂದ್ರು. ಅದನ್ನ ಹಿಡದು ಜಗ್ಗಿ ಹೊರಗ ತಂದವರಾಗ ಒಬ್ಬಾಕಿ ನಾಕು ಮಕ್ಕಳ ತಾಯಿ, ಲೀ ಆ್ಯನ್ ವಾಲ್ಟರ್ಸ್ ಅಂತ. ತನ್ನ ಮನಿ ನಳದ ನೀರು ಪರೀಕ್ಷಾ ಮಾಡಿಸಿ, ಓಣಿ ಓಣಿ ತಿರುಗಿ ಮಂದಿ ಮನಿ ನೀರು ಶೀಸೆದಾಗ ಕೂಡಿಸಿ ಕಳಿಸಿದ್ಳು. 2018ರಾಗ ಆಕಿಗೆ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. ನನಗ ಆಕಿ ಕಥಿಯೊಳಗ ಹಿಡಸಿದ್ದು ಇದು: ಪೈಪು ಮೊದಲೂ ಇದ್ವು, ನೀರು ಬದಲಿ ಆದ ಮ್ಯಾಲೆ ತ್ರಾಸ ಆತು. ನಮ್ಮ ಮನಿಗೂ ಅಷ್ಟೇ. ಬೋರ್ ನೀರಿನಾಗ ಹತ್ತು ವರ್ಷ ಏನೂ ಮಾಡದ ಬೆಸುಗಿ, ನಾವು ಆರ್‌ಓ ನೀರೋ ಮಳಿ ನೀರೋ ತುಂಬಾಕ ಸುರು ಮಾಡಿದ ಮ್ಯಾಲೆ ಹಂಗೇ ಇರ್ತದಂತ ಯಾರೂ ಖಾತ್ರಿ ಕೊಡೂದಿಲ್ಲ.

ನಮ್ಮ ಕಡೆ ಹಳೇ ಮನ್ಯಾಗ ಇರೋದು ಜಿಐ ಪೈಪು, ಆಮ್ಯಾಲೆ ಪಿವಿಸಿ. ಸೀಸದ ಪೈಪಿನ ಚಿಂತಿ ನಮಗ ಬ್ಯಾಡ. ಹಿತ್ತಾಳಿ ನಳದ ಬಗ್ಗೆ ಸ್ವಲ್ಪ ಎಚ್ಚರ ಇರಲಿ. ಹಿತ್ತಾಳಿ ಯಂತ್ರದ ಮ್ಯಾಲೆ ಸಲೀಸಾಗಿ ಕೊರೀಲಿ ಅಂತ ಅದರಾಗ ನೂರಕ್ಕ ಎರಡು-ಮೂರು ಪಾಲು ಸೀಸ ಕೂಡಸೋ ಪದ್ಧತಿ ಅದ. ಹೊಸಾ ನಳ ಹಾಕಿಸಿದ ಮೊದಲು ಮೊದಲು ಸೀಸ ಬಿಡೋದು ಹೆಚ್ಚು. ಅದಕ್ಕ ಉಪಾಯ ಸರಳ: ರಾತ್ರಿಯೆಲ್ಲಾ ನಳದಾಗ ನಿಂತ ನೀರು ಮುಂಜಾನೆ ಮೊದಲು ಕುಡಿಯಾಕ, ಅಡಗಿಗೆ ಹಿಡೀಬ್ಯಾಡ್ರಿ. ಹಂಗಂತ ಚೆಲ್ಲಂತನೂ ಹೇಳೂದಿಲ್ಲ, ನಮ್ಮ ಊರಾಗ ನೀರು ಚೆಲ್ಲು ಅಂದವರನ್ನ ಯಾರು ಬಿಟ್ಟಾರು? ಒಂದು ತಂಬಿಗಿ, ಎರಡು ತಂಬಿಗಿ ಹಿಡದು ಮೊದಲ ನೀರಿನಾಗ ಅಂಗಳಕ್ಕ ಹೊಡೀರಿ, ಗಿಡಕ್ಕ ಹಾಕ್ರಿ, ಮುಸುರಿ ನೆನಸ್ರಿ. ಗೀಝರ್ ನೀರು ಬಿಸಿ ಅದ, ಗ್ಯಾಸ್ ಉಳೀತದ ಅಂತ ಅದರಾಗ ಚಹಾ, ಅನ್ನಕ್ಕ ಇಡೋದು ಬಿಡ್ರಿ. ಮತ್ತ ಕುದಿಸಿದ್ರ ಸೀಸ ಹೋಗತದ ಅನ್ನೋದು ತಪ್ಪು. ಕುದಿಸಿದ್ರ ಹುಳ ಸಾಯ್ತಾವ, ನೀರು ಆವಿ ಆಗತದ, ಸೀಸ ಅಷ್ಟೇ ಉಳೀತದ, ಅಂದ್ರ ಉಳಿದ ನೀರಾಗ ಇನ್ನಷ್ಟು ಗಟ್ಟಿ ಆಗತದ. ಅರಿವಿಯೊಳಗ ಸೋಸಿದ್ರೂ ಹೋಗೂದಿಲ್ಲ, ಕ್ಲೋರಿನ್ ಹಾಕಿದ್ರೂ ಹೋಗೂದಿಲ್ಲ.

ಹೋದ ತಿಂಗಳು ನಮ್ಮ ಹಿಂದಿನ ಮನಿಯವರು ಮ್ಯಾಲಿನ ಟಾಕಿ ತೊಳಸಿದ್ರು. ಒಳಗ ಒಂದು ಸೀಸದ ಗುಂಡು ಸಿಕ್ತು, ಗೌಂಡಿಗಳು ಗ್ವಾಡಿ ನೆಟ್ಟಗ ಅದನೋ ಇಲ್ಲೋ ನೋಡೋ ತೂಕದ ಗುಂಡಿನಷ್ಟು. ಪೈಪು ಮ್ಯಾಲೆ ತೇಲಬಾರ್ದಂತ ಯಾರೋ ದಾರದಾಗ ಕಟ್ಟಿ ಬಿಟ್ಟಿದ್ರು. "ಅಕ್ಕಾರ, ಇದು ಇರಲ್ಯೋ ಬ್ಯಾಡೋ?" ಅಂತ ಆಕಿ ಗ್ವಾಡಿ ಮ್ಯಾಲಿಂದ ಕೇಳಿದ್ಳು. ಬ್ಯಾಡ ಅಂದೆ. ಸಾವಿರ ಲೀಟರ್ ನೀರಿಗೆ ಒಂದು ಗುಂಡು ಅಂದ್ರ ಪಾಲು ಸಣ್ಣದು ಖರೆ, ಗಡಸು ನೀರಾಗಿದ್ರ ಗುಂಡಿನ ಮ್ಯಾಲೆ ಕಲಿ ಕೂತಿರ್ತದ, ಅದೂ ಖರೆ. ಗಾಬರಿ ಆಗಿ ದವಾಖಾನಿಗೆ ಓಡೋ ಮಾತಲ್ಲ. ಆದ್ರ ಅದೇ ಕೆಲಸ ಒಂದು ಹೊಳಿಕಲ್ಲು ಮಾಡ್ತದಲ್ಲ? ಪುಕ್ಕಟೆ ಸಿಗೋ ಕಲ್ಲು ಇದ್ದಾಗ ಕುಡಿಯೋ ನೀರಾಗ ಸೀಸ ಯಾಕ ಇಡಬೇಕು? ಕಲ್ಲು ಕಟ್ಟಿದ್ರು, ಮುಗೀತು.

ಮೀನಿನ ಗಾಜಿನ ಪೆಟ್ಟಿಗಿ ಇಟ್ಟವರು ಕೇಳ್ತೀರಿ, ನೀರಿನ ಗಿಡ ತಂದ್ರ ಬುಡಕ್ಕ ಬೂದಿ ಬಣ್ಣದ ಮೆತ್ತನ್ನ ಪಟ್ಟಿ ಸುತ್ತಿರ್ತಾರ, ಅದೂ ಸೀಸನಾ ಅಂತ. ಭಾಳ ಸಲ ಹೌದು. ಆ ನೀರು ನಾವು ಕುಡಿಯೂದಿಲ್ಲ, ಹಿಂಗಾಗಿ ನನಗ ಅದರ ದೊಡ್ಡ ಚಿಂತಿ ಇಲ್ಲ. ಬಿಚ್ಚಿ ತಗದು, ಒಂದು ಸಣ್ಣ ಕಲ್ಲಿಗೆ ದಾರ ಕಟ್ಟಿ ಇಳಿಬಿಡ್ರಿ. ಮುಟ್ಟಿದ ಮ್ಯಾಲೆ ಸಾಬೂನಿಂದ ಕೈ ತೊಳಕೋರಿ. ಸಣ್ಣ ಹುಡುಗರು ಆ ಪಟ್ಟಿ, ಗಾಳದ ಗುಂಡು ಬಾಯಾಗ ಹಾಕಿಕೊಳ್ಳೋದು ಮಾತ್ರ ಖರೇ ಅಪಾಯ. ನುಂಗಿದ್ರ ಹೊಟ್ಟ್ಯಾಗಿನ ಆಮ್ಲಕ್ಕ ಸಿಕ್ಕು ಕರಗತದ, ಆವಾಗ ತಡ ಮಾಡದ ದವಾಖಾನಿ. ಇನ್ನ ಸೀಸದ ಕಡ್ಡಿ ಅಂತ ಅಂಜಬ್ಯಾಡ್ರಿ, ಹೆಸರಷ್ಟೇ ಹಂಗ, ಅದರಾಗ ಸೀಸ ಇರೂದಿಲ್ಲ, ಇರೋದು ಗ್ರಾಫೈಟ್. ಒಂದು ಧಾತು ಸೀಸ ಹೌದೋ ಅಲ್ಲೋ ನೋಡಬೇಕಾದ್ರ ಕೈಯಾಗ ತೂಗಿ ನೋಡ್ರಿ, ಗಾತ್ರಕ್ಕಿಂತ ಭಾಳ ವಜ್ಜಾ ಇರ್ತದ. ಉಗುರಿಗೂ ಗೀರು ಬೀಳೋವಷ್ಟು ಮೆತ್ತಗ. ಕಾಗದದ ಮ್ಯಾಲೆ ತಿಕ್ಕಿದ್ರ ಬೂದಿ ಗೆರಿ ಬೀಳತದ. ಬೆಸುಗಿ ಮಾತ್ರ ಹಿಂಗ ಗೊತ್ತಾಗೂದಿಲ್ಲ, ಅದು ಕಲಬೆರಕಿ. ಸೀಸ ಇಲ್ಲದ ಬೆಸುಗಿನೂ ಪ್ಯಾಟ್ಯಾಗ ಸಿಗತದ, ಆದ್ರ ನಿಮ್ಮ ಅಂಗಡಿಯವ ಹಚ್ಚಿದ್ದು ಯಾವುದಂತ ನೋಡಿ ಹೇಳಾಕ ಬರೂದಿಲ್ಲ. ಅದಕ್ಕೇ ಬಿಳೇ ಕಲಿ ಕಂಡ್ರ ಸೀಸ ಅಂತನೇ ತಿಳೀರಿ ಅನ್ನೋದು.

ಕಲಾಯಿ ಬಗ್ಗೆನೂ ಇಷ್ಟು. ಹಿತ್ತಾಳಿ ಪಾತ್ರಿಗೆ ಕಲಾಯಿ ಬೇಕೇ ಬೇಕು, ಅದು ಇಲ್ಲದ ಹುಣಸಿಹುಳಿ ಸಾರು ಕಿಲುಬತದ. ಕಲಾಯಿ ಅಂದ್ರ ಬರೇ ತವರ ಇರಬೇಕು. ತವರದ ರೇಟು ಸೀಸದ ಹತ್ತು ಪಟ್ಟಕ್ಕಿಂತ ಹೆಚ್ಚು, ಅದಕ್ಕ ಬೆರಸೋ ಆಶಾ ಹುಟ್ಟತದ. ಕಲಾಯಿಯವ ಬಂದಾಗ ಆ ಕಡ್ಡಿ ಇಸಕೊಂಡು ಕಿವಿ ಹತ್ರ ಹಿಡದು ಬಗ್ಗಿಸಿ ನೋಡ್ರಿ. ಶುದ್ಧ ತವರದ ಕಡ್ಡಿ ಬಗ್ಗಿಸಿದ್ರ ಚರಚರ ಅಂತ ಸಪ್ಪಳ ಮಾಡ್ತದ, ಸೀಸ ಸಪ್ಪಳ ಮಾಡೂದಿಲ್ಲ. ಅಂವನ ಮ್ಯಾಲೆ ಸಿಟ್ಟು ಮಾಡಬ್ಯಾಡ್ರಿ. ನೂರು ರೂಪಾಯಿ ಹೇಳಿದ್ರ ಅರವತ್ತಕ್ಕ ಮಾಡು ಅಂತ ಗುಂಜಾಡೋರು ನಾವೇ. ಸೀಸದ ಹೊಗಿ, ಧೂಳು ಮೊದಲು ಹೋಗೋದು ಅಂವನ ಎದಿಯೊಳಗ, ಅಂವನ ಜೋಡಿ ತಿದಿ ಒತ್ತೋ ಹುಡುಗನ ಎದಿಯೊಳಗ. ನೂರಕ್ಕ ನೂರು ಕೊಟ್ಟು ಶುದ್ಧ ತವರ ಕೇಳ್ರಿ.

ಹೊಸಾ ತಾಮ್ರದ ಕೊಡ ಮಾರೋರ ಮ್ಯಾಲೆ ಮಾತ್ರ ನನಗ ಸಿಟ್ಟದ. ಕೊಡದ ಜೋಡಿ ಒಂದು ಚೀಟಿ ಇರ್ತದ. ಈ ನೀರು ಕುಡಿದ್ರ ತೂಕ ಇಳೀತದ, ಕೂದಲ ಬೆಳೀತದ, ಮಂಡಿನೋವು ಹೋಗತದ ಅಂತ ಹತ್ತು ಮಾತು. ಜೋಡಿಸಿದ್ದು ಏನಿಂದ ಅನ್ನೋ ಒಂದು ಮಾತು ಇರೂದಿಲ್ಲ. ನಾ ಒಂದು ಅಂಗಡ್ಯಾಗ ಕೇಳಿದೆ, "ಇದರ ತಳ ಯಾವುದರಿಂದ ಬೆಸದೀರಿ?" ಅಂತ. "ಅಮ್ಮಾ, ಇದನ್ನ ಇಷ್ಟು ದಿನದಾಗ ಯಾರೂ ಕೇಳಿಲ್ಲ" ಅಂದ ಆ ಹುಡುಗ. ಕೇಳ್ರಿ ಮತ್ತ! ಹತ್ತು ಮಂದಿ ಕೇಳಿದ್ರ ಹನ್ನೊಂದನೇದಾಕಿಗೆ ಉತ್ತರ ತಯಾರಿಟ್ಟುಕೊಂಡಿರ್ತಾನ. ಲಗ್ನಕ್ಕ, ಗೃಹಪ್ರವೇಶಕ್ಕ ತಾಮ್ರದ ಭಾಂಡೆ ಉಡುಗೊರಿ ಕೊಡೋರೂ ಇದನ್ನ ಕೇಳೇ ಕೊಡ್ರಿ. ಸಾಧ್ಯ ಆದ್ರ ಜೋಡಣಿನೇ ಇಲ್ಲದ, ಒಂದೇ ತಗಡಿನಿಂದ ಎಳದು ಮಾಡಿದ ತಂಬಿಗಿ, ಲೋಟ ಕೊಡ್ರಿ.

ನಗರಪಾಲಿಕೆ ನೀರಿನ ವರದಿ ಚೊಲೋ ಬಂದದಲ್ಲ ಅಂತ ನಮ್ಮ ಯಜಮಾನ್ರು ಪೇಪರ್ ತೋರಿಸಿದ್ರು. ಬಂದಿರಬಹುದು, ನಾ ಇಲ್ಲ ಅನ್ನೂದಿಲ್ಲ. ಅದು ನೀರು ಶುದ್ಧ ಮಾಡೋ ಜಾಗಾದಾಗ, ಇಲ್ಲಾ ದೊಡ್ಡ ಟಾಕ್ಯಾಗ ತಗದ ನೀರು. ಸೀಸ ಕೂಡೋದು ಮೀಟರ್ ದಾಟಿ ನಮ್ಮ ಮನಿ ಒಳಗ ಬಂದ ಮ್ಯಾಲೆ. ಸಂಶಯ ಇದ್ದವರು ರಾತ್ರಿಯೆಲ್ಲಾ ನಿಂತ ನೀರು, ಕೊಡದ್ದೋ ನಳದ್ದೋ, ಸ್ವಚ್ಛ ಶೀಸೆದಾಗ ತುಂಬಿ ಪ್ರಯೋಗಾಲಯಕ್ಕ ಕೊಟ್ಟು, ಸೀಸ ನೋಡ್ರಿ ಅಂತ ಬಾಯಿ ಬಿಟ್ಟು ಹೇಳಬೇಕು. ಬರೇ ನೀರು ಪರೀಕ್ಷಾ ಅಂದ್ರ ಉಪ್ಪು, ಗಡಸು, ಹುಳ ನೋಡಿ ಕಳಸತಾರ. ವರ್ಷಗಟ್ಟಲೆ ಬೆಸುಗಿ ಕೊಡದ ನೀರು ಕುಡದ ಬಸುರಿ, ಬಾಣಂತಿ, ಸಣ್ಣ ಕೂಸು ಮನ್ಯಾಗ ಇದ್ರ ಡಾಕ್ಟರಿಗೆ ಕೇಳಿ ರಕ್ತದಾಗ ಸೀಸ ಎಷ್ಟದ ಅಂತ ನೋಡಿಸಬಹುದು. ಕಬ್ಬಿಣ, ಕ್ಯಾಲ್ಸಿಯಂ ಕಡಿಮಿ ಇರೋ ಮೈ ಸೀಸ ಹೆಚ್ಚು ಹೀರಿಕೋತದ. ಹಾಲು, ಮೊಸರು, ಎಳ್ಳು, ಪಲ್ಲೆ ಉಣ್ರಿ, ಡಾಕ್ಟರ್ ಕೊಟ್ಟ ಕಬ್ಬಿಣದ ಗುಳಿಗಿ ಕಿಟಕಿ ಹೊರಗ ಒಗೀಬ್ಯಾಡ್ರಿ. ಹಂಗಂತ ಎಳ್ಳುಂಡಿ ತಿಂದು ಬೆಸುಗಿ ನೀರು ಕುಡೀತೀನಿ ಅಂದ್ರ ಅದಕ್ಕ ಅರ್ಥ ಇಲ್ಲ.

ಬೆಸುಗಿ ಕೊಡ ಒಗದು ಬಿಡ್ರಿ ಅಂತಲೂ ಅಲ್ಲ. ಅಜ್ಜಿ ಕೊಡ ಅದು, ಮನಸು ಬರೂದಿಲ್ಲ. ಅಂಗಳ ಸಾರಸೋ ನೀರಿಗೆ ಇಡ್ರಿ, ಗಿಡಕ್ಕ ಹಾಕೋ ನೀರಿಗೆ ಇಡ್ರಿ. ಕುಡಿಯಾಕೇ ಬೇಕು ಅನ್ನೋರು ತಾಂಬಟಗಾರ್ರ ಕಡೆ ಒಯ್ಯಬೇಕು. ಬಿಳೇ ಬೆಸುಗಿ ಮ್ಯಾಲೇ ಹಿತ್ತಾಳಿ ಬೆಸುಗಿ ಹಿಡಿಯೂದಿಲ್ಲ. ಸೀಸ ಹತ್ತಿದ ಅಷ್ಟು ಜಾಗಾ ಕತ್ತರಿಸಿ ತಗದು, ಹೊಸಾ ತಾಮ್ರದ ತುಂಡು ಕೂಡಿಸಿ, ಕುಲುಮ್ಯಾಗ ಕಾಸಿ ಬೆಸೀಬೇಕು. ಖರ್ಚು ಹೆಚ್ಚು. ಮನ್ಯಾಗ ಮೊಳಿಯಿಂದ ಕೆರಿಯೋದು, ಉಪ್ಪುಕಾಗದ ಹಚ್ಚಿ ತಿಕ್ಕೋದು ಮಾಡಬ್ಯಾಡ್ರಿ, ಆ ಪುಡಿ ನೀರಿಗಿಂತ ಕೆಟ್ಟದ್ದು.

ಬರೋ ಸೋಮವಾರ ನಾನೂ ಎದುರು ಮನಿ ವೈನಿಯೂ ಪ್ಯಾಟಿಗೆ, ತಾಂಬಟಗಾರ್ರ ಮನಿಗೆ ಹೋಗೋರಿದ್ದೀವಿ. ಅಲ್ಲೊಬ್ಬ ವಯಸ್ಸಾದವರು ಇನ್ನೂ ಕುಲುಮಿ ಹಚ್ಚತಾರ, ಮಧ್ಯಾಹ್ನದ ತನಕ ಸಿಗತಾರ. ನಾದಿನಿ ಕೊಡ ಒಯ್ತೀನಿ. ಬಿಳೇ ಕಲಿ ಇದ್ದ ಕೊಡ ಯಾರ ಕಡೆ ಅದ ಅವರು ರವಿವಾರ ಸಂಜಿಕ ಹೇಳ್ರಿ, ಒಂದೇ ಆಟೋದಾಗ ಎಲ್ಲಾ ಒಯ್ಯಬಹುದು. ನೀರು ಚೆಲ್ಲಿ, ಒಣಗಿಸಿ, ಕೊರಳಿಗೆ ಹೆಸರಿನ ಚೀಟಿ ಕಟ್ಟಿ ಕೊಡ್ರಿ. ಹೋದ ಸಲ ಕಲಾಯಿಗೆ ಕೊಟ್ಟಾಗ ಯಾರ ಬೋಗುಣಿ ಯಾರ ಮನಿಗೆ ಹೋತು ಅಂತ ಇನ್ನೂ ಬಗೀಹರದಿಲ್ಲ.